ನಿಮ್ಮ ಎರಡನೆಯ ಓಟು ಯಾರಿಗೆ?

(ಪದವೀಧರ ಮತದಾರರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮೊದಲು ನನ್ನ ದಡ್ಡತನವನ್ನೇ ಹೇಳಿಬಿಡುತ್ತೇನೆ. ಹಿಂದೊಮ್ಮೆ ಪದವೀಧರ ಕ್ಷೇತ್ರದ ಚುನಾವಣೆಯಲ್ಲಿ, ಕನ್ನಡದ ಅಭಿಮಾನದಿಂದ, ಅಭ್ಯರ್ಥಿಯ ಹೆಸರಿನ ಮುಂದೆ ‘ಒಂದು’ ಎಂದು ಅಕ್ಷರದಲ್ಲಿ ಬರೆದು ಬಂದೆ. ಹೊರಗೆ ಬಂದು ಹೇಳಿದರೆ ಪರಿಚಯದ ಮೇಷ್ಟ್ರೊಬ್ಬರು ಹಣೆ ಚಚ್ಚಿಕೊಂಡರು. ಅಂಕಿಯಲ್ಲೇ ಬರೆಯಬೇಕು, ಅಕ್ಷರದಲ್ಲಿ ಬರೆದರೆ ಓಟು ಅಸಿಂಧು! ಕನ್ನಡದ ‘೧’ ಬರೆಯಲು ಅದೇ ನಿಯಮ ಪೂರ್ತಿ ಅವಕಾಶ ಕೊಟ್ಟಿದೆ. ನನಗದು ಗೊತ್ತಿರಲಿಲ್ಲ.

ಈ ಪ್ರಾಶಸ್ತ್ಯ ಮತದ ಪದ್ಧತಿ ಒಳ್ಳೆಯದೋ ಕೆಟ್ಟದ್ದೋ? ವಿಧಾನಸಭೆಯ ಚುನಾವಣೆಯನ್ನೇ ನೋಡಿ. ನೂರು ಓಟಿನಲ್ಲಿ ಒಬ್ಬನಿಗೆ ೪೦, ಇನ್ನೊಬ್ಬನಿಗೆ ೩೫, ಮತ್ತೊಬ್ಬನಿಗೆ ೨೫ ಬಿದ್ದರೆ ೪೦ರವನೇ ಶಾಸಕ. ಬೇರೆಯವರಿಗೆ ಓಟು ಕೊಟ್ಟ ೬೦ ಜನ ಸುಮ್ಮನೆ ಕೂರಬೇಕು. ಪ್ರಾಶಸ್ತ್ಯ ಪದ್ಧತಿಯಲ್ಲಿ ಹಾಗಲ್ಲ. ಯಾರಿಗೂ ಅರ್ಧ ದಾಟದಿದ್ದರೆ ಕೊನೆಯವನನ್ನು ಕೈಬಿಟ್ಟು, ಅವನ ೨೫ ಚೀಟಿಗಳಲ್ಲಿ ‘೨’ ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಅದರಲ್ಲಿ ೨೦ ಎರಡನೆಯವನಿಗೆ ಬಂದರೆ ೫೫ ಆಯಿತು, ಗೆಲುವು ಅವನದು.

ದೇಶದ ರಾಷ್ಟ್ರಪತಿಯ ಆಯ್ಕೆಯೂ ಹೀಗೆಯೇ. ೧೯೬೯ರಲ್ಲಿ ಕಾಂಗ್ರೆಸ್ಸು ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ಗೊತ್ತುಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎದುರು ನಿಂತ ವಿ.ವಿ. ಗಿರಿಯವರಿಗೆ ಮೊದಲ ಎಣಿಕೆಯಲ್ಲಿ ೪,೦೧,೫೧೫ ಬಂತು. ಗೆಲ್ಲಲು ಬೇಕಾದದ್ದು ೪,೧೮,೧೬೯. ಎರಡನೆಯ ಪ್ರಾಶಸ್ತ್ಯ ಸೇರಿದ ಮೇಲೆ ೪,೨೦,೦೭೭ ಮುಟ್ಟಿ ಗೆದ್ದರು.

ದೋಷಗಳನ್ನೂ ಮುಚ್ಚಿಡಬಾರದು. ಎಣಿಕೆ ಎಳೆಯುತ್ತದೆ. ಮೊದಲ ಸುತ್ತಿನಲ್ಲಿ ಮುಂದಿದ್ದವರು ಕೊನೆಗೆ ಸೋಲಬಹುದು. ೧೯೯೦ರ ಐರ್ಲೆಂಡಿನ ಅಧ್ಯಕ್ಷ ಚುನಾವಣೆಯಲ್ಲಿ ಮುಂದಿದ್ದ ಲೆನಿಹನ್ ಸೋತು ಮೇರಿ ರಾಬಿನ್ಸನ್ ಗೆದ್ದರು. ‘ಎರಡನೆಯದನ್ನು ನಮಗೆ ಕೊಡಿಸಿ’ ಎಂಬ ಒಳವ್ಯಾಪಾರಕ್ಕೂ ದಾರಿಯಿದೆ. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ. ಡಿಗ್ರಿ ಪಡೆದ ನಾನೇ ತಪ್ಪಿದೆ. ಓದು ಬಾರದ ಹಳ್ಳಿಯ ತಾಯಿ ಗುರುತು ನೋಡಿ ಗುಂಡಿ ಒತ್ತಿ ಬರುತ್ತಾಳೆ. ಆಕೆಗೆ ಸಾಲಾಗಿ ಅಂಕಿ ಬರೆಯೆಂದರೆ ಅವಳ ಓಟೇ ಕಸದ ಬುಟ್ಟಿಗೆ ಹೋದೀತು. ವಿಧಾನಸಭೆಗೂ ಈ ಪದ್ಧತಿ ಬರಲಿ ಎನ್ನುವವರು ಮೊದಲು ಆ ತಾಯಿಗೆ ಉತ್ತರ ಹೇಳಲಿ.

ನಮಗೆ ಆ ನೆಪವಿಲ್ಲ. ವಿಧಾನ ಪರಿಷತ್ತಿನಲ್ಲಿ ಪದವೀಧರರಿಗೆ ೭, ಶಿಕ್ಷಕರಿಗೆ ೭ ಸ್ಥಾನಗಳಿವೆ. ‘೧’ ಮಾತ್ರ ಹಾಕಿ ಬಂದರೆ, ನಿಮ್ಮವನು ಬಿದ್ದಾಗ ನಿಮ್ಮ ಓಟೂ ಅಲ್ಲಿಗೇ ನಿಂತಿತು. ೨, ೩ ಯಾರಿಗೆಂದು ಮನೆಯಲ್ಲೇ ಯೋಚಿಸಿ ಬನ್ನಿ. ಟಿಕ್ ಹಾಕಬೇಡಿ, ಸಹಿ ಮಾಡಬೇಡಿ, ಮತಗಟ್ಟೆಯಲ್ಲಿ ಕೊಟ್ಟ ಪೆನ್ನಿನಿಂದಲೇ ಬರೆಯಿರಿ. ಬರೆಯುವ ಅಂಕಿ ಕನ್ನಡದ್ದಾಗಿರಲಿ. ನನ್ನ ಹಾಗೆ ಅಭಿಮಾನವೂ ಉಳಿದು ಓಟೂ ಕಳೆದುಹೋಗುವುದು ಬೇಡ.

ಸಿರಿಗನ್ನಡಂ ಗೆಲ್ಗೆ!