ಕೇಳುವ ದಣಿವಿಗೆ ಕಣ್ಣಿನ ಸಾಕ್ಷಿ



ಕಿವಿ ಪರೀಕ್ಷೆಗೆ ಬಂದ ಇಬ್ಬರನ್ನು ಕಲ್ಪಿಸಿಕೊಳ್ಳಿ. ಗದ್ದಲದ ನಡುವೆ ಕೇಳಿಸಿದ ವಾಕ್ಯಗಳನ್ನು ಇಬ್ಬರೂ ತಪ್ಪಿಲ್ಲದೆ ತಿರುಗಿ ಹೇಳುತ್ತಾರೆ. ಇಬ್ಬರಿಗೂ ಪೂರ್ತಿ ಅಂಕ. ಆದರೆ ಒಬ್ಬರಿಗೆ ಮಾತು ತಾನಾಗಿಯೇ ಕಿವಿಗೆ ಬಿದ್ದಿದೆ. ಇನ್ನೊಬ್ಬರು ಅರ್ಧ ಕೇಳಿ, ಅರ್ಧ ಊಹಿಸಿ, ತಪ್ಪಿಹೋದ ಪದವನ್ನು ಹಿಂದುಮುಂದಿನ ಮಾತಿನಿಂದ ತುಂಬಿಕೊಂಡು ಹೇಳಿದ್ದಾರೆ. ದಿನವಿಡೀ ಹೀಗೆ ಕೇಳಿದವರಿಗೆ ಸಂಜೆ ಯಾರ ಮಾತೂ ಬೇಡ ಎನ್ನುವಷ್ಟು ಸುಸ್ತು. ಆ ಸುಸ್ತು ಅಂಕಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಅದನ್ನು ಅಳೆಯುವ ದಾರಿ ಕಣ್ಣಪಾಪೆಯಲ್ಲಿ ಸಿಕ್ಕಿತು. ಹೇಗೆ ಸಿಕ್ಕಿತು ಎಂಬುದೇ ಇವತ್ತಿನ ಮಾತು.

ಪಾಪೆ ಬೆಳಕಿಗೆ ಕುಗ್ಗುತ್ತದೆ, ಕತ್ತಲೆಗೆ ಹಿಗ್ಗುತ್ತದೆ. ಮನಸ್ಸು ದುಡಿಯುವಾಗಲೂ ಅದು ಹಿಗ್ಗುತ್ತದೆ ಎಂಬುದು 20ನೆಯ ಶತಮಾನದ ಆರಂಭದಲ್ಲೇ ಜರ್ಮನಿಯ ವೈದ್ಯರಿಗೆ ಗೊತ್ತಿತ್ತು. ಮನೋವೈದ್ಯ ಓಸ್ವಾಲ್ಡ್ ಬುಮ್ಕೆ ಪಾಪೆಯ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದರು. ಆದರೆ ಆ ತಿಳಿವಳಿಕೆಗೆ ಹೊಸ ಜೀವ ಬಂದದ್ದು 1960ರ ದಶಕದಲ್ಲಿ, ಅಮೆರಿಕದ ಷಿಕಾಗೋದಲ್ಲಿ. ಎಕಾರ್ಡ್ ಹೆಸ್ ಎಂಬ ಮನೋವಿಜ್ಞಾನಿ ಒಂದು ರಾತ್ರಿ ಮಲಗಿಕೊಂಡು ಪ್ರಾಣಿಗಳ ಚಿತ್ರಗಳ ಪುಸ್ತಕ ನೋಡುತ್ತಿದ್ದರು. ಅವರ ಪಾಪೆ ಇಷ್ಟು ಅಗಲವಾಗಿದೆಯಲ್ಲ ಎಂದು ಗಮನಿಸಿದವರು ಪತ್ನಿ. ಅದೇ ಎಳೆ ಹಿಡಿದ ಹೆಸ್, 1964ರಲ್ಲಿ ಜೇಮ್ಸ್ ಪೋಲ್ಟ್ ಜೊತೆ ಸೇರಿ ಜನರಿಗೆ ಬಾಯಿಲೆಕ್ಕ ಕೊಟ್ಟರು. ಏಳೆಂಟಲ ಎಷ್ಟು ಎಂದಾಗ ಪಾಪೆ ಸ್ವಲ್ಪ ಹಿಗ್ಗಿತು. 16ನ್ನು 23ರಿಂದ ಗುಣಿಸಿ ಎಂದಾಗ ಇನ್ನಷ್ಟು ಹಿಗ್ಗಿ, ಉತ್ತರ ಹೇಳಿ ಮುಗಿಸಿದ ಮೇಲೆ ಮೊದಲಿನಂತಾಯಿತು.

ಹೆಸ್ ಬರೆದದ್ದನ್ನು ಓದಿ ಹುರುಪುಗೊಂಡವರಲ್ಲಿ ಡೇನಿಯಲ್ ಕಾನಮನ್ ಒಬ್ಬರು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಇವರೇ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜಾಕ್ಸನ್ ಬೀಟಿ ಜೊತೆ ಅವರು ನಡೆಸಿದ ಪ್ರಯೋಗ 1966ರಲ್ಲಿ ಪ್ರಕಟವಾಯಿತು. ಒಬ್ಬರು ಗದ್ದವನ್ನು ಆನಿಸಿಕೊಂಡು ಕ್ಯಾಮೆರಾ ನೋಡುತ್ತ ಕೂರಬೇಕು. ಕಿವಿಗೆ ಸೆಕೆಂಡಿಗೊಂದರಂತೆ ಅಂಕಿಗಳು ಬರುತ್ತವೆ. ಕೇಳಿ ನೆನಪಿಟ್ಟುಕೊಂಡು ತಿರುಗಿ ಒಪ್ಪಿಸಬೇಕು. ಕ್ಯಾಮೆರಾ ತೆಗೆದ ಚಿತ್ರಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ಪಾಪೆಯನ್ನು ಅಳತೆಪಟ್ಟಿಯಿಂದ ಅಳೆಯುತ್ತಿದ್ದರು. ಒಂದೊಂದು ಅಂಕಿ ಕೇಳಿದಾಗಲೂ ಪಾಪೆ ಒಂದಿಷ್ಟು ಹಿಗ್ಗುತ್ತ ಹೋಯಿತು, ಒಪ್ಪಿಸತೊಡಗಿದಾಗ ಒಂದೊಂದು ಅಂಕಿಗೂ ಒಂದಿಷ್ಟು ಇಳಿಯುತ್ತ ಬಂತು. ತಲೆಯ ಮೇಲಿನ ಹೊರೆ ಇಳಿಸಿದಂತೆ. ಮನುಷ್ಯ ಒಳಗೊಳಗೇ ಪಡುವ ಶ್ರಮ ಹೀಗೆ ಹೊರಗೆ ಕಂಡಿತಲ್ಲ, ಆ ಕ್ಷಣ ನನಗೆ ಈ ಚರಿತ್ರೆಯಲ್ಲೇ ಅತ್ಯಂತ ದೊಡ್ಡದೆನಿಸುತ್ತದೆ.

ಗಮನಿಸಿ, ಅಲ್ಲಿ ಕೂತವರು ಮಾಡುತ್ತಿದ್ದುದು ಕೇಳುವ ಕೆಲಸವೇ. ಆದರೂ ಇದು ಕಿವುಡುತನದ ಅಧ್ಯಯನಕ್ಕೆ ಬರಲು ಸುಮಾರು 30 ವರ್ಷ ಹಿಡಿಯಿತು. 1997ರಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನ ಸೋಫಿಯಾ ಕ್ರಾಮರ್ ಮತ್ತು ಸಂಗಡಿಗರು ಕಿವಿ ಮಂದವಾದವರ ಪಾಪೆ ಅಳೆದರು. ಅದೇ ಊರಿನಲ್ಲಿ ಆಡ್ರಿಯಾನಾ ಝೆಕ್‌ವೆಲ್ಡ್ ಈ ಕೆಲಸವನ್ನು ಬೆಳೆಸಿದರು. 2010ರ ಅವರ ಪ್ರಯೋಗದಲ್ಲಿ ಗದ್ದಲವನ್ನು ಏರಿಳಿಸಿ ನೂರಕ್ಕೆ 50, 71, 84 ವಾಕ್ಯ ಸರಿಯಾಗುವ ಹಾಗೆ ಹೊಂದಿಸಿದ್ದರು. ಮಾತು ಅಸ್ಪಷ್ಟವಾದಷ್ಟೂ ಪಾಪೆ ಹೆಚ್ಚು ಹಿಗ್ಗಿತು. ಮರುವರ್ಷದ ಫಲಿತಾಂಶ ಮನ ಕಲಕುವಂಥದ್ದು. ಮಾತು ಸ್ಪಷ್ಟವಾಗುತ್ತ ಹೋದಂತೆ ಕಿವಿ ಚೆನ್ನಾಗಿದ್ದವರ ಪಾಪೆಯ ಹಿಗ್ಗು ತಗ್ಗಿತು. ಕಿವಿ ಮಂದವಿದ್ದವರದು ಅಷ್ಟಾಗಿ ತಗ್ಗಲಿಲ್ಲ. ಅಂದರೆ ಬೇರೆಯವರಿಗೆ ಸಲೀಸಾದ ಮಾತಿನಲ್ಲೂ ಅವರಿಗೆ ಬಿಡುವಿಲ್ಲ. ಕೇಳಿಸಿತಲ್ಲ, ಇನ್ನೇನು ಕಷ್ಟ ಎಂದು ಮನೆಯವರು, ಆಫೀಸಿನವರು ಕೇಳುವ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಗದ್ದಲ ಮಿತಿಮೀರಿ ಏನೂ ತಿಳಿಯದಂತಾದಾಗ ಪಾಪೆ ಮತ್ತೆ ಚಿಕ್ಕದಾಗುತ್ತದೆ. ಕೇಳುವ ಪ್ರಯತ್ನವನ್ನೇ ಮನುಷ್ಯ ಕೈಬಿಟ್ಟಿರುತ್ತಾನೆ. ಹಾಗಾಗಿ ಚಿಕ್ಕ ಪಾಪೆ ಕಂಡೊಡನೆ ಸಲೀಸು ಎಂದು ಬರೆದುಕೊಳ್ಳುವಂತಿಲ್ಲ, ಉತ್ತರ ಸರಿಯಿದೆಯೇ ಎಂದೂ ನೋಡಬೇಕು.

ಶ್ರವಣ ಸಾಧನಕ್ಕೆ ಇದರಿಂದಾದ ಲಾಭ 2017ರಲ್ಲಿ ಕಂಡಿತು. ಡೆನ್ಮಾರ್ಕಿನ ಎರಿಕ್ಸ್‌ಹೋಮ್ ಸಂಶೋಧನಾ ಕೇಂದ್ರದ ಡೊರೊಥಿಯಾ ವೆಂಟ್ ಮತ್ತು ಸಂಗಡಿಗರು, ಬಳಕೆದಾರರಿಗೆ ಬಹುತೇಕ ಎಲ್ಲ ಪದಗಳೂ ಕೇಳಿಸುತ್ತಿದ್ದ ಸ್ಥಿತಿಯಲ್ಲೇ ಸಾಧನದ ಗದ್ದಲ ತಗ್ಗಿಸುವ ವ್ಯವಸ್ಥೆಯನ್ನು ಪರೀಕ್ಷಿಸಿದರು. ಅಂಕದಲ್ಲಿ ಹೆಚ್ಚಲು ಜಾಗವೇ ಇರಲಿಲ್ಲ. ಆದರೆ ಪಾಪೆಯ ಹಿಗ್ಗು ಕಡಿಮೆಯಾಯಿತು. ಹಳೆಯ ಪರೀಕ್ಷೆಯಾಗಿದ್ದರೆ ಇದರಿಂದ ಉಪಯೋಗವಿಲ್ಲ ಎಂದೇ ಹೇಳುತ್ತಿತ್ತು.

ಹಾಗೆಂದು ಇದು ನಾಳೆಯೇ ಆಸ್ಪತ್ರೆಗೆ ಬರುವಂಥದ್ದಲ್ಲ. ಈ ಹಿಗ್ಗು ಸಾಮಾನ್ಯವಾಗಿ ಅರ್ಧ ಮಿಲಿಮೀಟರನ್ನೂ ದಾಟದು. ಕೋಣೆಯ ಬೆಳಕು ಒಂಚೂರು ಬದಲಾದರೂ ಲೆಕ್ಕ ಕೆಡುತ್ತದೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕೆಲವು ಔಷಧಿಗಳೂ ಅದನ್ನು ಬದಲಿಸುತ್ತವೆ. ಹತ್ತಾರು ವಾಕ್ಯ ಕೇಳಿಸಿ ಸರಾಸರಿ ತೆಗೆದ ಮೇಲಷ್ಟೇ ಹಿಗ್ಗು ಸ್ಪಷ್ಟವಾಗುತ್ತದೆ.

ಅದಕ್ಕೇ ಈಗ ನಮ್ಮ ಕೈಯಲ್ಲಿರುವುದು ಬಾಯಿಮಾತಿನ ದಾರಿ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಾಗಲಿ, ನಿಮ್ಮೂರಿನ ಶ್ರವಣ ತಜ್ಞರ ಬಳಿಗಾಗಲಿ ಹೋದಾಗ, ಕೇಳಿಸುತ್ತದೆ ಎಂದಷ್ಟೇ ಹೇಳಿ ಎದ್ದು ಬರಬೇಡಿ. ಎಲ್ಲಿ, ಯಾರ ಮಾತು ಕೇಳುವಾಗ, ದಿನದ ಯಾವ ಹೊತ್ತಿಗೆ ದಣಿವಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಿ.