ಬಾಚುವುದು, ಬಾಚಿಕೊಳ್ಳುವುದು



ಎಪ್ಪತ್ತರ ಹೊಸ್ತಿಲಲ್ಲಿ ನಿಂತವನು ಹೊಸ ಭಾಷೆ ಕಲಿಯಲು ಹೊರಟರೆ ಕಂಡವರು ನಗುವುದು ಸಹಜ. ನಾನು ಸ್ಪ್ಯಾನಿಷ್ ಕಲಿಯತೊಡಗಿದ್ದು ಪಾಂಡಿತ್ಯದ ಆಸೆಯಿಂದಲ್ಲ. ನನ್ನ ಮಗಳ ಸಂಸಾರ ಮ್ಯಾಡ್ರಿಡ್ ನಗರದಲ್ಲಿದೆ. ಅಲ್ಲಿಯೇ ಹುಟ್ಟಿದ ಮೊಮ್ಮಗಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಸ್ಪ್ಯಾನಿಷ್. ಶಾಲೆಗೆ ಸೇರಿದ ಮೇಲೆ ಅವಳ ಕನ್ನಡ ವರ್ಷದಿಂದ ವರ್ಷಕ್ಕೆ ಸೊರಗುತ್ತ ಬಂದಿತು. ದೂರವಾಣಿಯಲ್ಲಿ ನಮ್ಮಿಬ್ಬರ ಸಂಭಾಷಣೆ ‘ಊಟ ಆಯಿತೆ?’ ಎಂಬಲ್ಲಿಗೇ ಮುಗಿಯತೊಡಗಿದಾಗ, ಅವಳು ನನ್ನ ಕಡೆಗೆ ಬರಲಾರಳಾದರೆ ನಾನೇ ಅವಳ ಕಡೆಗೆ ಹೋಗಬೇಕೆಂದು ನಿಶ್ಚಯಿಸಿದೆ.

ಇಂಗ್ಲಿಷಿನಲ್ಲಿ ವಿವರಣೆಯಿದ್ದ ಪಠ್ಯಪುಸ್ತಕವೊಂದನ್ನು ತಂದು ಕುಳಿತೆ. ನಾಮಪದಗಳ ಲಿಂಗ, ಕ್ರಿಯಾಪದಗಳ ಕಾಲ, ಇವೆಲ್ಲ ಹೇಗೋ ಒಗ್ಗಿದವು. ನನ್ನನ್ನು ತಡೆದು ನಿಲ್ಲಿಸಿದ್ದು ‘ಸೆ’ ಎಂಬ ಒಂದಕ್ಷರದ ಪದ. ‘ಪೇಯ್ನಾರ್’ ಎಂದರೆ ಬಾಚುವುದು. ಅದರ ಬಾಲಕ್ಕೆ ‘ಸೆ’ ಅಂಟಿ ‘ಪೇಯ್ನಾರ್ಸೆ’ ಆದರೆ, ಬಾಚುವವನ ಕೆಲಸ ಅವನಿಗೇ ತಿರುಗುತ್ತದೆ. ವಾಕ್ಯದಲ್ಲಿ ಪ್ರಯೋಗಿಸುವಾಗ ಈ ‘ಸೆ’ ಬಾಲವನ್ನು ಬಿಟ್ಟು ಕ್ರಿಯಾಪದದ ಮುಂದಕ್ಕೆ ಬಂದು, ಕರ್ತೃವಿಗೆ ತಕ್ಕಂತೆ ವೇಷ ಬದಲಿಸುತ್ತದೆ: ಮೆ ಪೇಯ್ನೊ, ತೆ ಪೇಯ್ನಾಸ್, ಸೆ ಪೇಯ್ನಾ, ನೋಸ್ ಪೇಯ್ನಾಮೊಸ್, ಓಸ್ ಪೇಯ್ನಾಯಿಸ್, ಸೆ ಪೇಯ್ನಾನ್. ನಾನು, ನೀನು, ಅವನು ಅಥವಾ ಅವಳು, ನಾವು, ನೀವು, ಅವರು ಎಂಬುದು ಇದರ ಕ್ರಮ. ಐದನೆಯ ರೂಪ ಸ್ಪೇನಿನದು; ಅಮೆರಿಕ ಖಂಡದ ಸ್ಪ್ಯಾನಿಷಿನಲ್ಲಿ ಅದು ಬಳಕೆಯಲ್ಲಿಲ್ಲ, ಅಲ್ಲಿ ‘ನೀವು’ ಎನ್ನುವುದಕ್ಕೂ ಕೊನೆಯ ರೂಪವೇ ಸಾಕು. ಸಾಲದ್ದಕ್ಕೆ ಆಜ್ಞೆ ಮಾಡುವಾಗ ಸರ್ವನಾಮ ಮತ್ತೆ ಬಾಲಕ್ಕೆ ಹೋಗುತ್ತದೆ: ‘ಪೇಯ್ನಾತೆ’, ಬಾಚಿಕೋ. ನಿಷೇಧ ಬಂದರೆ ಪುನಃ ಮುಂದಕ್ಕೆ: ‘ನೋ ತೆ ಪೇಯ್ನೆಸ್’, ಬಾಚಿಕೊಳ್ಳಬೇಡ.

ಗಿಳಿಪಾಠ ಮಾಡಿದೆ. ‘ನನ್ನ ಹೆಸರು ಇಂಥದು’ ಎನ್ನಲು ಬೇಕಾದ ‘ಯಾಮಾರ್ಸೆ’ ಬಂದಾಗ ಮಾತ್ರ ನಮ್ಮ ‘ಯಾಮಾರಿಸು’ ನೆನಪಾಗಿ ಪುಸ್ತಕ ಮುಚ್ಚಿ ನಕ್ಕೆ.

ಆ ಬೇಸಗೆಯಲ್ಲಿ ಮ್ಯಾಡ್ರಿಡ್ಡಿಗೆ ಹೋದೆ. ಮೊದಲ ದಿನ ಬೆಳಗ್ಗೆ ಕನ್ನಡಿಯ ಮುಂದೆ ನಿಂತಿದ್ದಾಗ ಮೊಮ್ಮಗಳು ಬಂದು ಏನು ಮಾಡುತ್ತಿರುವೆಯೆಂದು ಸ್ಪ್ಯಾನಿಷಿನಲ್ಲಿ ಕೇಳಿದಳು. ಇಷ್ಟು ದಿನ ಉರು ಹೊಡೆದದ್ದೆಲ್ಲ ಆ ಕ್ಷಣದಲ್ಲಿ ಹಾರಿಹೋಗಿ, ಬರಿಯ ‘ಪೇಯ್ನೊ’ ಎಂದೆ. ಅವಳು ನನ್ನ ಬೋಳುದಲೆಯನ್ನೂ ಕೈಯ ಬಾಚಣಿಗೆಯನ್ನೂ ನೋಡಿ, ‘ಆ ಕ್ಯೆನ್?’ ಎಂದಳು. ಅಂದರೆ, ಯಾರಿಗೆ? ಪರಿಹಾಸ್ಯವಲ್ಲ, ನಿಜವಾದ ಸಂದೇಹ. ‘ಮೆ’ ಇಲ್ಲದ ‘ಪೇಯ್ನೊ’ ಬೇರೆ ಯಾರದೋ ತಲೆಯನ್ನು ಕೇಳುತ್ತದೆ.

ಆ ಪ್ರಶ್ನೆಯಿಂದ ನನಗೆ ಹೊಳೆಯಿತು. ತಾಯಿ ಮಗಳ ತಲೆ ಬಾಚುತ್ತಾಳೆ. ಮಗಳು ದೊಡ್ಡವಳಾದ ಮೇಲೆ ತಾನೇ ಬಾಚಿಕೊಳ್ಳುತ್ತಾಳೆ. ಈ ‘ಕೊಳ್ಳು’ ನನ್ನ ನಾಲಗೆಯ ಮೇಲೆ ಹುಟ್ಟಿನಿಂದ ಇದ್ದದ್ದೇ. ಇಂಗ್ಲಿಷಿನ ಬಾಗಿಲಲ್ಲಿ ನಿಂತು ಇಣುಕುತ್ತಿದ್ದುದರಿಂದ ಅದು ಕಂಡಿರಲಿಲ್ಲ. ಇಂಗ್ಲಿಷಿನವನು ‘ನನ್ನ ಕೈಗಳನ್ನು ತೊಳೆಯುತ್ತೇನೆ’ ಎನ್ನುತ್ತಾನೆ. ಸ್ಪೇನಿನವನ ‘ಮೆ ಲಾಬೊ ಲಾಸ್ ಮಾನೋಸ್’ ಎಂಬುದರಲ್ಲಿ ‘ನನ್ನ’ ಎಂಬ ಮಾತೇ ಇಲ್ಲ. ನಾವೂ ‘ಕೈ ತೊಳೆದುಕೊಳ್ಳುತ್ತೇನೆ’ ಎಂದು ಸುಮ್ಮನಾಗುತ್ತೇವೆ. ಸಂಸ್ಕೃತ ಓದಿದವರಿಗೆ ಇದು ಹೊಸತಲ್ಲ. ಪುರೋಹಿತ ಪರರಿಗಾಗಿ ಯಜ್ಞ ಮಾಡಿದರೆ ‘ಯಜತಿ’, ಯಜಮಾನ ತನಗಾಗಿ ಮಾಡಿದರೆ ‘ಯಜತೇ’. ಮೊದಲನೆಯದು ಪರಸ್ಮೈಪದ, ಎರಡನೆಯದು ಆತ್ಮನೇಪದ.

ಕೀಲಿಕೈ ಸಿಕ್ಕಿತೆಂದು ಹಿಗ್ಗಿದೆ. ಎಚ್ಚರಗೊಳ್ಳುವುದಕ್ಕೆ ‘ದೆಸ್ಪೆರ್ತಾರ್ಸೆ’, ‘ನಾನು’ ಎಂಬಾಗ ಒಳಗಿನ ಸ್ವರ ಒಡೆದು ‘ಮೆ ದೆಸ್ಪ್ಯೆರ್ತೊ’ ಆಗುತ್ತದೆ, ‘ನಾವು’ ಎಂಬಾಗ ಒಡೆಯುವುದಿಲ್ಲ. ಇದೂ ಸರಿಹೋಯಿತು. ಆದರೆ ಎಲ್ಲ ಬೀಗಗಳಿಗೂ ಒಂದೇ ಕೀಲಿ ಎಲ್ಲಿಯದು? ‘ಕೊಮೆರ್’ ಎಂದರೆ ತಿನ್ನು. ‘ಕೊಮೆರ್ಸೆ’ ಎಂದರೆ ತಿಂದುಕೊಳ್ಳುವುದಲ್ಲ, ಪೂರಾ ತಿಂದುಬಿಡುವುದು. ‘ದೊರ್ಮಿರ್’ ಮಲಗಿ ನಿದ್ರಿಸುವುದಾದರೆ ‘ದೊರ್ಮಿರ್ಸೆ’ ನಿದ್ದೆಹೋಗುವುದು. ಇಲ್ಲಿ ನಮ್ಮ ‘ಕೊಳ್ಳು’ ಹಿಂದೆ ಸರಿದು ‘ಬಿಡು’, ‘ಹೋಗು’ಗಳನ್ನು ಕರೆಯುತ್ತದೆ. ಇನ್ನು ಹೊರಡುವಾಗ ಅವರು ಹೇಳುವ ‘ಮೆ ಬೋಯ್’, ‘ನಾನು ಹೋಗುತ್ತೇನೆ’ ಎಂಬುದು, ನನ್ನ ಬಾಯಿಂದ ಇಂದಿಗೂ ಸಲೀಸಾಗಿ ಹೊರಡದು. ಹೊರಡುವಾಗ ‘ಬರುತ್ತೇನೆ’ ಎನ್ನಬೇಕೆಂದು ಕಲಿಸಿದ ಅಜ್ಜಿ ಗದರಿದಂತಾಗುತ್ತದೆ.

ಎಲ್ಲಕ್ಕಿಂತ ಸೊಗಸಾದ ಪಾಠ ಕೊನೆಯ ವಾರದಲ್ಲಿ ನಡೆಯಿತು. ಅಡುಗೆಮನೆಯಲ್ಲಿ ಗಾಜಿನ ಲೋಟವೊಂದು ಒಡೆದ ಸದ್ದಾಯಿತು. ‘ಯಾರೇ ಬೀಳಿಸಿದ್ದು?’ ಎಂದು ಮಗಳು ಒಳಗಿನಿಂದ ಕೂಗಿದಳು. ಮೊಮ್ಮಗಳು ಕನ್ನಡದಲ್ಲಿಯೇ ಉತ್ತರಿಸಿದಳು: ‘ನಾನು ಬೀಳಿಸಲಿಲ್ಲ ಅಮ್ಮ, ಲೋಟ ನನಗೆ ಬಿದ್ದುಕೊಂಡಿತು.’

‘ತಪ್ಪು ಮಾಡಿದ್ದಲ್ಲದೆ ಸುಳ್ಳು ಬೇರೆ’ ಎಂದು ಮಗಳು ರೇಗಿದಳು. ನಾನು ಅಡ್ಡ ಬಂದೆ. ಸ್ಪ್ಯಾನಿಷಿನಲ್ಲಿ ಕೈಯಲ್ಲಿದ್ದುದು ಅರಿಯದೆ ಬಿದ್ದರೆ ‘ಸೆ ಮೆ ಕಾಯೋ’ ಎನ್ನುತ್ತಾರೆ. ವಸ್ತು ತಾನಾಗಿ ಬಿದ್ದಿತು, ಅದರ ಪೆಟ್ಟು ನನಗೆ ತಗಲಿತು ಎಂಬ ಭಾವ. ಮರೆತರೂ ಹೀಗೆಯೇ: ‘ಸೆ ಮೆ ಒಲ್ಬಿದೋ’. ಅದನ್ನು ನಾವೂ ‘ನನಗೆ ಮರೆತುಹೋಯಿತು’ ಎಂದು ಚತುರ್ಥೀ ವಿಭಕ್ತಿಯಲ್ಲಿಯೇ ಹೇಳುವುದಿಲ್ಲವೆ? ಮಗು ಸುಳ್ಳಾಡಿರಲಿಲ್ಲ. ‘ಮೆ’ಗೆ ‘ನನಗೆ’, ‘ಸೆ’ಗೆ ‘ಕೊಂಡಿತು’ ಎಂದು ಚೊಕ್ಕವಾಗಿ ಲೆಕ್ಕ ಒಪ್ಪಿಸಿತ್ತು. ನಾನು ಆ ದಡದ ಕಡೆಗೆ ಈಜುತ್ತಿದ್ದ ಹೊಳೆಯಲ್ಲಿಯೇ ಅವಳೂ ಈ ದಡದ ಕಡೆಗೆ ಈಜುತ್ತಿದ್ದಳೆಂಬುದು ನನಗೆ ಗೊತ್ತಾದದ್ದು ಆಗ.

ಮಗಳು ನಕ್ಕಳು. ಮೊಮ್ಮಗಳು, ‘ತಾತ, ಹಾಗಾದರೆ ಕನ್ನಡದಲ್ಲಿ ಏನನ್ನಬೇಕು?’ ಎಂದಳು.

‘ಕೈಜಾರಿ ಬಿತ್ತು ಎನ್ನಬೇಕು, ಕಂದ.’

ಅವಳು ಎರಡು ಸಲ ಹೇಳಿ ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿ, ‘ಯಾರ ಕೈ?’ ಎಂದಳು.

ನಾನು ಪೊರಕೆ ತರಲು ಎದ್ದೆ.