ಹಾಯಿದೋಣಿಯ ತಳ

ಶೆಟ್ಟಿಕೊಪ್ಪದ ಅಡಿಕೆ ತೋಟಗಳ ನಡುವೆ ಬಾಳುವವನೊಬ್ಬನು ಹಾಯಿದೋಣಿಯ ತಳದ ವಿಚಾರವಾಗಿ ಮಾತನಾಡಲು ಹೊರಟರೆ ಕೇಳುವವರು ನಗಬಹುದು. ಕಡಲು ನಮಗೆ ದೂರ, ಘಟ್ಟದ ಕೆಳಗಿನದು. ಆದರೆ ನೀರು ವಸ್ತುಗಳೊಳಗೆ ಹೇಗೆ ನುಸುಳುತ್ತದೆಂಬುದನ್ನು ಮಲೆನಾಡಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆಷಾಢದಲ್ಲಿ ಬಾಗಿಲಿಗೆ ಬಣ್ಣ ಬಳಿದವನು, ಕಾರ್ತಿಕದ ಹೊತ್ತಿಗೆ ಅದು ಗುಳ್ಳೆಯೆದ್ದು ಸುಲಿಯುವುದನ್ನು ಕಂಡೇ ಇರುತ್ತಾನೆ.

ಕರಾವಳಿಯ ನನ್ನ ಮಿತ್ರರೊಬ್ಬರು ಕೆಲವು ವರ್ಷಗಳ ಹಿಂದೆ 20 ಅಡಿ ಉದ್ದದ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡು, ನದಿಯ ಅಳಿವೆಯಲ್ಲಿ ಕಟ್ಟಿದ್ದರು. ಬಳಿಕ ಹಣದ ಅಡಚಣೆ ಒದಗಿ ಅದನ್ನು ಮಾರಲು ನಿಶ್ಚಯಿಸಿದರು. ನವರಾತ್ರಿ ಕಳೆದ ಮೇಲೆ ದೋಣಿಯನ್ನು ದಡಕ್ಕೆಳೆದ ದಿನ ನಾನೂ ಆಗುಂಬೆ ಘಟ್ಟವಿಳಿದು ಅಲ್ಲಿಗೆ ಹೋಗಿದ್ದೆ. ತಳದ ಬಣ್ಣ ಬಾಳೆಯ ಒಣಸಿಪ್ಪೆಯಂತೆ ಜೋತುಬಿದ್ದಿತ್ತು. ಅದರ ಕೆಳಗೆ ಕಡಲೆಗಾತ್ರದಿಂದ ರೂಪಾಯಿಯ ಅಗಲದವರೆಗಿನ ಗುಳ್ಳೆಗಳು. ಕೊಳ್ಳುವವರು ದೀಪಾವಳಿಗೆ ಬರುವವರಿದ್ದರು.

ಸುಲಿಯುವ ಬಣ್ಣ ಬೇರೆ, ಗುಳ್ಳೆ ಬೇರೆ. ಒದ್ದೆಯ ಅಥವಾ ಜಿಡ್ಡಿನ ಮೈಗೆ, ಇಲ್ಲವೇ ಹೊಂದಿಕೆಯಾಗದ ಹಳೆಯ ಬಣ್ಣದ ಮೇಲೆ ಬಳಿದದ್ದು ಹಿಡಿದು ನಿಲ್ಲುವುದಿಲ್ಲ. ಕೆರೆದಾಗ ಕೆಳಗಿನ ಮೈ ಗಟ್ಟಿಯಾಗಿ, ನುಣುಪಾಗಿ ಕಂಡರೆ ದೋಷ ಬಣ್ಣದ್ದು ಮಾತ್ರ. ಗುಳ್ಳೆಯನ್ನು ಚುಚ್ಚಿದಾಗ ಹುಳಿವಾಸನೆಯ ದ್ರವ ಚಿಮ್ಮಿದರೆ ದೋಷ ಒಡಲಿನದು. ಈ ದ್ರವ ಆಮ್ಲೀಯವಾದುದರಿಂದ ಕಣ್ಣಿಗೆ ಕನ್ನಡಕವಿಲ್ಲದೆ ಚುಚ್ಚುವಂತಿಲ್ಲ.

ಇದರ ಕಾರಣ ವಿಚಿತ್ರವಾದುದು. ಫೈಬರ್ ದೋಣಿಯೆಂದರೆ ಪಾಲಿಯೆಸ್ಟರ್ ರಾಳದಲ್ಲಿ ಅದ್ದಿದ ಗಾಜಿನ ನಾರಿನ ಪದರಗಳು. ಹೊರಗೆ ಜೆಲ್‌ಕೋಟ್ ಎಂಬ ಹೊಳಪಿನ ಲೇಪ. ಈ ಲೇಪ ನೀರನ್ನು ತಡೆಯುತ್ತದೆಂದು ನಾವು ನಂಬುತ್ತೇವೆ. ಆದರೆ ಅತಿ ನಿಧಾನವಾಗಿ ನೀರು ಅದನ್ನು ದಾಟುತ್ತದೆ. ಒಳಗೆ ಪೂರ್ತಿ ಗಟ್ಟಿಯಾಗದೆ ಉಳಿದ ಪದಾರ್ಥಗಳನ್ನು ಕರಗಿಸಿಕೊಂಡು ಸಾಂದ್ರ ದ್ರಾವಣವಾಗುತ್ತದೆ. ನೀರಿನಲ್ಲಿಟ್ಟ ಒಣದ್ರಾಕ್ಷಿ ಉಬ್ಬುವಂತೆ, ಆ ದ್ರಾವಣ ಮತ್ತಷ್ಟು ನೀರನ್ನು ಸೆಳೆದು ಲೇಪವನ್ನು ಒಳಗಿನಿಂದ ಎತ್ತುತ್ತದೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಈ ಸೆಳೆತ ಹೆಚ್ಚು. ನರಸಿಂಹರಾಜಪುರದ ಬಳಿಯ ಭದ್ರಾ ಹಿನ್ನೀರು ಶಾಂತವಾಗಿ ಕಂಡರೂ, ಈ ವಿಷಯದಲ್ಲಿ ಕಡಲಿಗಿಂತ ಸೌಮ್ಯವೇನಲ್ಲ.

ಮರದ ದೋಣಿಯ ಸ್ವಭಾವ ಇದಕ್ಕೆ ವಿರುದ್ಧವಾದುದು. ಹಲಗೆ ನೀರು ಕುಡಿದು ಉಬ್ಬಿದಾಗ ಸಂದುಗಳು ಬಿಗಿಯುತ್ತವೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ'ವನ್ನು ನೆನೆಯಬಹುದು. ಅಜಂತೆಯ ಚಿತ್ರವೊಂದನ್ನು ಅನುಸರಿಸಿ ಕಟ್ಟಿದ ಆ ಹಾಯಿಹಡಗಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಹಜ ರಾಳದಿಂದ ಭದ್ರಪಡಿಸಿದ್ದಾರೆ. ನಮ್ಮ ಕರಾವಳಿಯಲ್ಲಿ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ಹಳೆಯ ರೂಢಿ. ಮರಕ್ಕೆ ಆರೈಕೆ ಬೇಕೆಂಬುದನ್ನು ಯಾರೂ ಮರೆತಿರಲಿಲ್ಲ. ಫೈಬರ್ ಬಂದಾಗ, ಇನ್ನು ಆರೈಕೆಯೇ ಬೇಡವೆಂದು ನಾವು ಭಾವಿಸಿದೆವು.

ಮಧ್ಯವರ್ತಿಯೊಬ್ಬನು ನನ್ನ ಮಿತ್ರರಿಗೆ ಸುಲಭೋಪಾಯ ಹೇಳಿದನು: "ಹದಿನೈದು ದಿನ ದಡದಲ್ಲಿದ್ದರೆ ಗುಳ್ಳೆ ತಾನೇ ಇಳಿಯುತ್ತದೆ. ಕೆರೆದು ಎರಡು ಕೈ ಬಣ್ಣ ಹೊಡೆಸಿಬಿಡಿ." ಮಾತು ಸುಳ್ಳಲ್ಲ. ನೀರಿನಿಂದೆತ್ತಿದ ಮೇಲೆ ಅನೇಕ ಗುಳ್ಳೆಗಳು ಕುಗ್ಗಿ ಕಣ್ಮರೆಯಾಗುತ್ತವೆ. ಮತ್ತೆ ನೀರಿಗಿಳಿದಾಗ ಏಳುತ್ತವೆ. ಮಿತ್ರರು ಸುಮ್ಮನೆ ನಿಂತರು. ಅವರಿಗೆ ಸಾಲವಿತ್ತು. ಪಕ್ಕದಲ್ಲಿ ಹಲಗೆ ಕೆತ್ತುತ್ತಿದ್ದ ವೃದ್ಧ ಆಚಾರಿ ತಲೆಯೆತ್ತದೆಯೇ, "ಹೊಟ್ಟೆಯಲ್ಲಿ ನೀರು ತುಂಬಿದವನಿಗೆ ಹೊಸ ಅಂಗಿ ತೊಡಿಸಿದರೆ ಏನು ಬಂತು, ಸ್ವಾಮಿ?" ಎಂದರು.

ಮಿತ್ರರು ಅಂದೇ ಸೀಮೆಸುಣ್ಣ ತರಿಸಿ, ಪ್ರತಿಯೊಂದು ಗುಳ್ಳೆಗೂ ವೃತ್ತ ಹಾಕಿದರು. ದೀಪಾವಳಿಗೆ ಬಂದವರು ವೃತ್ತಗಳನ್ನು ನೋಡಿ ಹಿಂದಿರುಗಿದರು.

ಆಮೇಲಿನದು ತಾಳ್ಮೆಯ ಕೆಲಸ. ಗುಳ್ಳೆಗಳನ್ನೆಲ್ಲ ತೆರೆದು, ಗಟ್ಟಿ ಪದರ ಸಿಗುವವರೆಗೆ ಉಜ್ಜಿ, ಮತ್ತೆ ಮತ್ತೆ ಸಿಹಿನೀರಿನಿಂದ ತೊಳೆದೆವು. ಹಳೆಯ ಬಣ್ಣದಲ್ಲಿ ಜಲಜೀವಿಗಳನ್ನು ದೂರವಿಡುವ ತಾಮ್ರದ ವಿಷವಿರುವುದರಿಂದ ಒದ್ದೆ ಮಾಡಿಯೇ ಉಜ್ಜಬೇಕು, ಮೂಗಿಗೆ ಮುಸುಕು ಬೇಕು, ಉಜ್ಜಿದ ಕಸ ಹೊಳೆಗೆ ಸೇರಬಾರದು. ಬಳಿಕ ಶಿವರಾತ್ರಿಯವರೆಗೆ ಒಣಗಲು ಬಿಟ್ಟೆವು. ಒಣಗಿತೇ ಎಂದು ತಿಳಿಯಲು ಪ್ಲಾಸ್ಟಿಕ್ ಹಾಳೆಯ ತುಂಡನ್ನು ತಳಕ್ಕೆ ಸುತ್ತಲೂ ಅಂಟಿಸಿ ನೋಡುತ್ತಿದ್ದೆವು. ಹಾಳೆಯ ಒಳಮೈಯಲ್ಲಿ ಹನಿ ಕೂಡಿದರೆ ಇನ್ನೂ ಕಾಯಬೇಕು. ಹಸಿ ಅಡಿಕೆಯನ್ನು ಮೂಟೆ ಕಟ್ಟಬಾರದೆಂಬ ನಮ್ಮೂರಿನ ವಿವೇಕವೇ ಅಲ್ಲಿಯೂ ಸಲ್ಲಿತು. ಕೊನೆಗೆ ಗುಂಡಿಗಳನ್ನು ಎಪಾಕ್ಸಿಯಿಂದ ತುಂಬಿ, ತಳಕ್ಕೆಲ್ಲ ಎಪಾಕ್ಸಿಯ ಹಲವು ಲೇಪಗಳನ್ನು ಕೊಟ್ಟು, ಮೇಲೆ ತಳಬಣ್ಣ ಬಳಿದೆವು.

ಗುಳ್ಳೆಯಿಂದ ದೋಣಿ ಮುಳುಗುವುದು ಅಪರೂಪ. ಆದರೆ ಅಲಕ್ಷಿಸಿದರೆ ಪದರಗಳು ಬಿಡಬಹುದು. ಅದನ್ನು ತಿಳಿಯದೆ ಕಡಲಿಗಿಳಿಯುವವನು ಕೊಂಡವನೇ ಹೊರತು ಮಾರಿದವನಲ್ಲ.

ದೋಣಿ ಮರುವರ್ಷ ಮಾರಾಟವಾಯಿತು, ಮೊದಲಿಗಿಂತ ಕಡಿಮೆ ಬೆಲೆಗೆ. ಬೀಗದ ಕೈಯೊಡನೆ ಮಿತ್ರರು ಒಂದು ನೋಟುಪುಸ್ತಕವನ್ನೂ ಕೊಟ್ಟರು. ಅದರಲ್ಲಿ ತಳದ ನಕ್ಷೆಯಿತ್ತು. ನಕ್ಷೆಯ ಮೇಲೆ ಒಂದೊಂದು ಗುಳ್ಳೆಯ ಸ್ಥಾನವೂ, ಅದನ್ನು ತೆರೆದ ದಿನವೂ, ಮುಚ್ಚಿದ ದಿನವೂ ಬರೆದಿದ್ದುವು.